ಪವರ್ ಬಟನ್ ಒತ್ತಿದ ಮೇಲೆ ವಿಂಡೋಸೋ ಲಿನಕ್ಸೋ: ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಳ್ಳುವವರಿಗೆ

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಆಫೀಸು ಎಂದುಕೊಳ್ಳಿ. ಬೆಳಿಗ್ಗೆ ರೈಟರು ಬಂದು ಟ್ಯಾಲಿ ತೆರೆದು ಆಳುಗಳ ಬಟವಾಡೆ ಲೆಕ್ಕ ಹಾಕುತ್ತಾರೆ, ನುಡಿಯಲ್ಲಿ ಟೈಪಾದ ಹಳೆಯ ಪತ್ರಗಳನ್ನು ತಿದ್ದುತ್ತಾರೆ. ರಾತ್ರಿ ಅದೇ ಕಂಪ್ಯೂಟರಿನ ಮುಂದೆ ಇಂಜಿನಿಯರಿಂಗ್ ಓದುವ ಮಗಳು ಕೂತು ಲ್ಯಾಬಿನ ಪ್ರೋಗ್ರಾಮುಗಳನ್ನು ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ ಓಡಿಸಬೇಕು. ಹಾಸನದಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆ ಮಾಡುವ ಅಂಗಡಿಯಾದರೆ ಟ್ಯಾಲಿಯ ಜಾಗದಲ್ಲಿ ಕೋರೆಲ್‌ಡ್ರಾ ಇರುತ್ತದೆ, ಮಿಕ್ಕದ್ದೆಲ್ಲ ಇದೇ ಕತೆ.

ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವುದು ಈಗ ಅರ್ಧ ಗಂಟೆಯ ಕೆಲಸ. ತಲೆನೋವು ಶುರುವಾಗುವುದು ಮಾರನೆಯ ಬೆಳಿಗ್ಗೆ. ರೈಟರು ಬಟನ್ ಒತ್ತಿ ಟೀ ತರಲು ಹೋಗುತ್ತಾರೆ, ವಾಪಸು ಬಂದಾಗ ಪರದೆಯ ಮೇಲೆ ಗುರುತೇ ಇಲ್ಲದ ನೇರಳೆ ಬಣ್ಣ. ಯಾವ ಸಿಸ್ಟಮ್ ಬೇಕೆಂದು ಕೇಳುವ ಮೆನು ಹತ್ತು ಸೆಕೆಂಡು ಕಾದು, ಯಾರೂ ಉತ್ತರ ಕೊಡಲಿಲ್ಲವೆಂದು ತಾನೇ ಉಬುಂಟುವನ್ನು ಆರಿಸಿರುತ್ತದೆ. ಆದ್ದರಿಂದ ಮೊದಲೇ ಒಂದು ಮಾತು: ಮೆನು ಇರುವುದು ಗೊತ್ತಿರುವವರಿಗೆ, ಡೀಫಾಲ್ಟ್ ಇರುವುದು ಗೊತ್ತಿಲ್ಲದವರಿಗೆ. ಯಾರು ಮೆನು ಓದುವುದಿಲ್ಲವೋ ಅವರಿಗೆ ಬೇಕಾದ ಸಿಸ್ಟಮ್ ತಾನಾಗಿ ಏಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ಇಲ್ಲಿ ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.

ಕೇಳುವವರು ಒಬ್ಬರಲ್ಲ, ಮೂವರು

ಯಂತ್ರ ಆನ್ ಆಗಿ ಸಿಸ್ಟಮ್ ಏಳುವುದಕ್ಕೆ ಬೂಟ್ ಎನ್ನುತ್ತಾರೆ. 'ಬೂಟ್ ಮೆನು' ಎಂಬ ಒಂದೇ ಹೆಸರಿನಲ್ಲಿ ಜನ ಮೂರು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಾರೆ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲನೆಯದು ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮು. ಬಾಯಿಮಾತಿನಲ್ಲಿ ಬಯಾಸ್ ಎನ್ನುತ್ತೇವೆ, ಈಚಿನ ಯಂತ್ರಗಳಲ್ಲಿರುವುದು ಯುಇಎಫ್‌ಐ. ಇದರ ಪುಟ್ಟ ಮೆಮೊರಿಯಲ್ಲಿ ಒಂದು ಪಟ್ಟಿ ಇರುತ್ತದೆ: 'ವಿಂಡೋಸ್ ಬೂಟ್ ಮ್ಯಾನೇಜರ್', 'ಉಬುಂಟು', ಪೆನ್‌ಡ್ರೈವ್ ಹೀಗೆ. ಪಟ್ಟಿಯಲ್ಲಿ ಮೇಲಿರುವುದನ್ನು ಅದು ಎಬ್ಬಿಸುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್ (ಡಿಸ್ಕಿನ ಬೇರ್ಪಡಿಸಿದ ಭಾಗ) ಇದೆ, ಸಾಮಾನ್ಯವಾಗಿ 100ರಿಂದ 260 ಎಂಬಿ, ಫ್ಯಾಟ್32 ಫಾರ್ಮ್ಯಾಟಿನದು. ಎರಡೂ ಸಿಸ್ಟಮ್‌ಗಳ ಬಾಗಿಲು ಅದರೊಳಗೇ ಬೇರೆ ಬೇರೆ ಫೋಲ್ಡರುಗಳಲ್ಲಿ ಅಕ್ಕಪಕ್ಕ ಇರುತ್ತವೆ. ಹಳೆಯ ಬಯಾಸ್ ಕಾಲದಂತೆ ಒಂದರ ಮೇಲೊಂದು ಬರೆದು ಅಳಿಸುವ ಜಗಳ ಇಲ್ಲಿಲ್ಲ.

ಎರಡನೆಯದು ಗ್ರಬ್, ಅಂದರೆ ಲಿನಕ್ಸಿನ ಬೂಟ್‌ಲೋಡರ್, ಸಿಸ್ಟಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು. ಫರ್ಮ್‌ವೇರ್ ಪಟ್ಟಿಯಲ್ಲಿ 'ಉಬುಂಟು' ಮೇಲಿದ್ದರೆ ಅಥವಾ ಆ ಪಟ್ಟಿಯಿಂದ ಅದನ್ನೇ ಆರಿಸಿದರೆ ಮಾತ್ರ ಇದರ ಮೆನು ಕಾಣುತ್ತದೆ. ಮೂರನೆಯದು ವಿಂಡೋಸಿನ ನೀಲಿ ಮೆನು. ಒಂದೇ ಯಂತ್ರದಲ್ಲಿ ಎರಡು ವಿಂಡೋಸ್, ಉದಾಹರಣೆಗೆ 10 ಮತ್ತು 11, ಇದ್ದಾಗ ಇದು ಬರುತ್ತದೆ. ಅದಕ್ಕೆ ಲಿನಕ್ಸಿನ ಪರಿಚಯವೇ ಇಲ್ಲ.

ಏನಾದರೂ ಕೆಟ್ಟಾಗ ಮೊದಲು ಕೇಳಿಕೊಳ್ಳಬೇಕಾದ್ದು 'ಈ ಮೂವರಲ್ಲಿ ಈಗ ಮಾತಾಡುತ್ತಿರುವುದು ಯಾರು' ಎಂದು. ಉತ್ತರ ಸಿಕ್ಕರೆ ಮುಕ್ಕಾಲು ರಿಪೇರಿ ಆದಂತೆ.

ಇನ್‌ಸ್ಟಾಲಿಗೆ ಮುಂಚೆ

ಕರೆಂಟಿನಿಂದ ಶುರು ಮಾಡೋಣ. ಪಾರ್ಟಿಷನ್ ಕುಗ್ಗಿಸುವಾಗ ಕರೆಂಟು ಹೋದರೆ ಫೈಲ್ ಸಿಸ್ಟಮ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಡೇಟಾ ವಾಪಸು ಪಡೆಯುವುದು ದುಬಾರಿ ಕೆಲಸ. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ದಿನವಿಡೀ ಕತ್ತಲೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ ಚಾರ್ಜರ್ ಹಾಕಿಕೊಂಡೇ ಕೂರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಅದು ಇದ್ದೂ ಎರಡು ನಿಮಿಷಕ್ಕೆ ಕೀಂ ಎನ್ನುವ ಸ್ಥಿತಿಯಲ್ಲಿದ್ದರೆ ಮೊದಲು ಅದರ ಬ್ಯಾಟರಿ ಬದಲಿಸಿ. ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಬ್ಯಾಕಪ್: ಟ್ಯಾಲಿ ಡೇಟಾ ಫೋಲ್ಡರ್, ಫೋಟೋ, ಪತ್ರಗಳು ಬೇರೆ ಹಾರ್ಡ್‌ಡಿಸ್ಕಿಗೆ ಹೋಗಲಿ. ಅದೇ ಡಿಸ್ಕಿನ ಡಿ ಡ್ರೈವಿಗೆ ಹಾಕಿಟ್ಟದ್ದು ಬ್ಯಾಕಪ್ ಅಲ್ಲ.

ಮೋಡ್ ನೋಡುವುದು: ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ 'ಎಂಎಸ್‌ಇನ್ಫೊ32' ಎಂದು ಕೊಡಿ. 'ಬಯಾಸ್ ಮೋಡ್' ಎಂಬ ಸಾಲಿನಲ್ಲಿ ಯುಇಎಫ್‌ಐ ಎಂದಿದೆಯೋ ಲೆಗಸಿ (ಹಳೆಯ ಬಯಾಸ್) ಎಂದಿದೆಯೋ ಬರೆದಿಟ್ಟುಕೊಳ್ಳಿ. ಲಿನಕ್ಸನ್ನೂ ಅದೇ ಮೋಡಿನಲ್ಲಿ ಹಾಕಬೇಕು. ಒಂದು ಯುಇಎಫ್‌ಐನಲ್ಲಿ, ಇನ್ನೊಂದು ಲೆಗಸಿಯಲ್ಲಿ ಕೂತರೆ ಗ್ರಬ್ ಮೆನುವಿನಿಂದ ವಿಂಡೋಸನ್ನು ಎಬ್ಬಿಸಲು ಆಗುವುದಿಲ್ಲ, ಪ್ರತಿ ಸಲ ಫರ್ಮ್‌ವೇರಿಗೆ ಹೋಗಿ ಮೋಡ್ ತಿರುಗಿಸಬೇಕಾಗುತ್ತದೆ. ಈ ಎಡವಟ್ಟು ಆಗುವುದು ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ. ಕೆಲವು ಬೋರ್ಡುಗಳ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ: ಒಂದರ ಹೆಸರಿನ ಮೊದಲಿಗೆ 'ಯುಇಎಫ್‌ಐ' ಎಂದಿರುತ್ತದೆ, ಇನ್ನೊಂದು ಬರೀ ಹೆಸರು. ಎಂಎಸ್‌ಇನ್ಫೊ ಯುಇಎಫ್‌ಐ ಎಂದಿದ್ದರೆ 'ಯುಇಎಫ್‌ಐ' ಎಂದಿರುವುದನ್ನೇ ಆರಿಸಿ.

ಬಿಟ್‌ಲಾಕರ್: ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ ಇದು, ಈ ಹೆಜ್ಜೆಯನ್ನು ಹಾರಿಸಬೇಡಿ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದೊಡನೆ ಡಿಸ್ಕು ತಾನೇ ಎನ್‌ಕ್ರಿಪ್ಟ್ ಆಗಿರಬಹುದು (ಕೀ ಇಲ್ಲದೆ ಓದಲಾಗದಂತೆ), ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರಡಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಫರ್ಮ್‌ವೇರಿನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನಷ್ಟೇ ಬಿಡುವ ಸೆಟ್ಟಿಂಗು) ಮುಟ್ಟಿದರೂ ಸಾಕು, ಮುಂದಿನ ಸಲ ನೀಲಿ ಪರದೆ ಬಂದು ಆ 48 ಅಂಕಿ ಕೇಳುತ್ತದೆ. ಇಲ್ಲದಿದ್ದರೆ ಡೇಟಾ ಹೋದಂತೆಯೇ, ಯಾವ ಅಂಗಡಿಯವರೂ ತೆಗೆದುಕೊಡಲಾರರು. ಮನೆಯ ಯಂತ್ರವಾದರೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಡಿಸುವವರೆಗೆ ಕಾದು ಮುಂದುವರಿಯುವುದು ಸುಲಭದ ದಾರಿ. ಆಫೀಸಿನ ಲ್ಯಾಪ್‌ಟಾಪಿಗೆ ಎನ್‌ಕ್ರಿಪ್ಷನ್ ಇರಲೇಬೇಕು ಎಂದಾದರೆ ವಿಂಡೋಸನ್ನು ಗ್ರಬ್ ಮೂಲಕ ಎಬ್ಬಿಸಬೇಡಿ, ಫರ್ಮ್‌ವೇರ್ ಪಟ್ಟಿಯಿಂದಲೇ ಎಬ್ಬಿಸಿ. ಬೂಟ್ ಆದ ದಾರಿ ಯಾವುದು ಎಂದು ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭದ್ರತಾ ಚಿಪ್ ಲೆಕ್ಕ ಇಡುತ್ತದೆ. ನಡುವೆ ಗ್ರಬ್ ಬಂದರೆ ದಾರಿ ಬದಲಾಯಿತೆಂದು ಕೀ ಕೇಳಬಹುದು.

ಫಾಸ್ಟ್ ಸ್ಟಾರ್ಟಪ್: ವಿಂಡೋಸಿನಲ್ಲಿ 'ಶಟ್ ಡೌನ್' ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ. ಅರ್ಧ ಎಚ್ಚರದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಕಣ್ಣು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಉಬುಂಟುವಿನಿಂದ ಸಿ ಅಥವಾ ಡಿ ಡ್ರೈವ್ ತೆರೆಯಲು ಹೋದರೆ ಎರರ್ ಬರುತ್ತದೆ, ಇಲ್ಲವೇ ಓದಬಹುದು, ಬರೆಯಲಾಗದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟರೆ ಇದು ನಿಲ್ಲುತ್ತದೆ, ಹೈಬರ್ನೇಷನ್ ಫೈಲು ಹಿಡಿದಿದ್ದ ಕೆಲವು ಜಿಬಿ ಜಾಗವೂ ಸಿಗುತ್ತದೆ. ಫರ್ಮ್‌ವೇರಿನಲ್ಲಿರುವ 'ಫಾಸ್ಟ್ ಬೂಟ್' ಬೇರೆ, ಇದು ಬೇರೆ. ಅದರ ವಿಷಯ ಮುಂದೆ ಕೀಬೋರ್ಡಿನ ಮಾತು ಬಂದಾಗ ಬರುತ್ತದೆ.

ಜಾಗ ಮಾಡಿ, ಹಾಕುವುದು

ಡಿಸ್ಕನ್ನು ಕುಗ್ಗಿಸುವ ಕೆಲಸ ವಿಂಡೋಸಿನಿಂದಲೇ ಆಗಲಿ. 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್, 'ಶ್ರಿಂಕ್ ವಾಲ್ಯೂಮ್'. ಉಬುಂಟು ಕನಿಷ್ಠ 25 ಜಿಬಿ ಎನ್ನುತ್ತದೆ, ಕೆಲಸಕ್ಕೆ 80 ಜಿಬಿ ಕೊಡಿ: ಪೆಟ್ಟಿಗೆಯಲ್ಲಿ 81920 ಎಂದು ತುಂಬಬೇಕು, ಅಲ್ಲಿ ಲೆಕ್ಕ ಎಂಬಿಯಲ್ಲಿರುವುದರಿಂದ. ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ದರೂ 10 ಜಿಬಿ ಮಾತ್ರ ಕುಗ್ಗಿಸಬಹುದು ಎಂದರೆ ಪೇಜ್‌ಫೈಲ್, ರಿಸ್ಟೋರ್ ಪಾಯಿಂಟಿನಂಥ ಕದಲದ ಫೈಲುಗಳು ಡಿಸ್ಕಿನ ಕೊನೆಯಲ್ಲಿ ಕೂತಿವೆ ಎಂದರ್ಥ. ಸಿಸ್ಟಮ್ ಪ್ರೊಟೆಕ್ಷನ್, ಪೇಜ್‌ಫೈಲ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರಿಸ್ಟಾರ್ಟ್ ಕೊಟ್ಟು ಮತ್ತೆ ನೋಡಿ. ಸಿಕ್ಕ ಖಾಲಿ ಜಾಗವನ್ನು 'ಅನ್‌ಅಲೊಕೇಟೆಡ್' ಆಗಿಯೇ ಬಿಡಿ, ಅಲ್ಲಿ ಹೊಸ ಡ್ರೈವ್ ಮಾಡಬೇಡಿ.

ಉಬುಂಟು 24.04ಕ್ಕೆ 8 ಜಿಬಿ ಪೆನ್‌ಡ್ರೈವ್ ಬೇಕು, 4 ಜಿಬಿಯದಕ್ಕೆ ಇನ್‌ಸ್ಟಾಲ್ ಫೈಲು ಹಿಡಿಸುವುದಿಲ್ಲ. ಹಳೆಯ, 4 ಜಿಬಿ ರ್‍ಯಾಮಿನ ಯಂತ್ರಕ್ಕೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಅದೂ ಉಬುಂಟುವಿನ ಮೇಲೇ ಕಟ್ಟಿದ್ದು, ಇಲ್ಲಿನ ಮಾತೆಲ್ಲ ಅದಕ್ಕೂ ಸಲ್ಲುತ್ತದೆ. ರೂಫಸ್ ಎಂಬ ಪ್ರೋಗ್ರಾಮಿನಿಂದ ಪೆನ್‌ಡ್ರೈವ್ ತಯಾರಿಸಿ ಅದರಿಂದ ಬೂಟ್ ಮಾಡಿ, 'ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್' ಆರಿಸಿದರೆ ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಪಾರ್ಟಿಷನ್ ಕೈಯಾರೆ ಮಾಡುವವರಿಗೆ ಒಂದೇ ಎಚ್ಚರಿಕೆ: ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್ನನ್ನು ಬಳಸಿಕೊಳ್ಳಿ, ಅದರ ಮುಂದಿನ 'ಫಾರ್ಮ್ಯಾಟ್' ಗುರುತು ಹಾಕಬೇಡಿ. ಹಾಕಿದರೆ ವಿಂಡೋಸಿನ ಫೈಲುಗಳೆಲ್ಲ ಇದ್ದೂ ಅದರ ಬಾಗಿಲು ಮಾತ್ರ ಇರುವುದಿಲ್ಲ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಫರ್ಮ್‌ವೇರಿನಲ್ಲಿ ಡಿಸ್ಕನ್ನು ಇಂಟೆಲ್ ತನ್ನದೇ ರೀತಿಯಲ್ಲಿ ನಡೆಸುವ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇರುತ್ತದೆ. ನೇರವಾಗಿ ಎಎಚ್‌ಸಿಐ ಎಂಬ ಸಾಮಾನ್ಯ ರೀತಿಗೆ ಬದಲಿಸಿದರೆ ಡಿಸ್ಕು ಕಾಣುತ್ತದೆ ನಿಜ, ಆದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಇದಕ್ಕೊಂದು ಕ್ರಮವಿದೆ. ಮೊದಲು ವಿಂಡೋಸಿನ 'ಎಂಎಸ್‌ಕಾನ್ಫಿಗ್'ನ ಬೂಟ್ ಟ್ಯಾಬಿನಲ್ಲಿ 'ಸೇಫ್ ಬೂಟ್' ಗುರುತು ಹಾಕಿ ರಿಸ್ಟಾರ್ಟ್ ಕೊಡಿ. ಆ ರಿಸ್ಟಾರ್ಟಿನಲ್ಲೇ ಫರ್ಮ್‌ವೇರಿಗೆ ಹೋಗಿ ಎಎಚ್‌ಸಿಐ ಮಾಡಿ. ಸೇಫ್ ಮೋಡಿನಲ್ಲಿ ವಿಂಡೋಸ್ ಒಮ್ಮೆ ಎದ್ದು ಸರಿಯಾದ ಡ್ರೈವರ್ ಹಿಡಿದುಕೊಳ್ಳುತ್ತದೆ, ಆಮೇಲೆ ಆ ಗುರುತು ತೆಗೆಯಿರಿ.

ಡೆಸ್ಕ್‌ಟಾಪಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದು ಎಸ್‌ಎಸ್‌ಡಿ. 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ತಂದು, ವಿಂಡೋಸ್ ಇರುವ ಡಿಸ್ಕಿನ ಕೇಬಲ್ ಬಿಚ್ಚಿಟ್ಟು, ಹೊಸದರಲ್ಲಿ ಉಬುಂಟು ಹಾಕಿ, ಆಮೇಲೆ ಕೇಬಲ್ ಸೇರಿಸಿ. ಕೇಬಲ್ ಬಿಚ್ಚುವುದು ಅತಿಜಾಗ್ರತೆ ಅನ್ನಿಸಬಹುದು. ಆದರೆ ಎರಡೂ ಡಿಸ್ಕು ಜೋಡಿಸಿದ್ದಾಗ ಉಬುಂಟು ತನ್ನ ಗ್ರಬ್ಬನ್ನು ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೇ ಹಾಕಿಬಿಡುವುದುಂಟು. ಮುಂದೆ ಆ ಡಿಸ್ಕು ತೆಗೆದ ದಿನ ಉಬುಂಟುವೂ ಏಳುವುದಿಲ್ಲ.

ರೈಟರಿಗೆ ವಿಂಡೋಸ್, ಮಗಳಿಗೆ ಎಫ್12

ಹಂಚಿಕೊಂಡು ಬಳಸುವ ಯಂತ್ರಕ್ಕೆ ನಮ್ಮ ಮೊದಲ ಸಲಹೆ ಗ್ರಬ್ ಮೆನುವೇ ಬೇಡ ಎಂಬುದು. ಫರ್ಮ್‌ವೇರ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೇಲಿರಲಿ, ಉಬುಂಟು ಎರಡನೆಯದಾಗಿರಲಿ. ಬಟನ್ ಒತ್ತಿ ಟೀಗೆ ಹೋದವರಿಗೆ ವಿಂಡೋಸ್ ಸಿಗುತ್ತದೆ. ಉಬುಂಟು ಬೇಕಾದವರು ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಿ ಫರ್ಮ್‌ವೇರಿನ ಒಂದು ಸಲದ ಪಟ್ಟಿ ತೆರೆದು ಅದನ್ನು ಆರಿಸುತ್ತಾರೆ. ಇನ್ನೊಂದು ಲಾಭ ವಿಂಡೋಸ್ ಅಪ್‌ಡೇಟಿನದು. ದೊಡ್ಡ ಅಪ್‌ಡೇಟ್ ನಡುವೆ ಎರಡು ಮೂರು ಸಲ ತಾನೇ ರಿಸ್ಟಾರ್ಟ್ ಆಗುತ್ತದೆ. ಡೀಫಾಲ್ಟ್ ಉಬುಂಟು ಆಗಿದ್ದರೆ ಮೊದಲ ರಿಸ್ಟಾರ್ಟಿಗೇ ಅದು ಉಬುಂಟುವಿನಲ್ಲಿ ಬಂದು ಕೂತು, ಅಪ್‌ಡೇಟ್ ಅರ್ಧಕ್ಕೆ ನಿಂತಿರುತ್ತದೆ.

ಕೀ ಯಾವುದು ಎಂಬುದು ಕಂಪನಿಯ ಮೇಲೆ ಹೋಗುತ್ತದೆ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡಿಗೆ ಎಫ್12. ಎಚ್‌ಪಿಗೆ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್, ಅದೇ ಕಂಪನಿಯ ಡೆಸ್ಕ್‌ಟಾಪ್ ಬೋರ್ಡಿಗೆ ಎಫ್8. ಎಂಎಸ್‌ಐ ಬೋರ್ಡಿಗೆ ಎಫ್11. ಏಸರ್ ಲ್ಯಾಪ್‌ಟಾಪಿನಲ್ಲಿ ಎಫ್12 ಮೊದಲಿಗೆ ಕೆಲಸ ಮಾಡದಿರಬಹುದು. ಎಫ್2 ಒತ್ತಿ ಒಳಗೆ ಹೋಗಿ 'ಎಫ್12 ಬೂಟ್ ಮೆನು' ಎಂಬುದನ್ನು ಎನೇಬಲ್ ಮಾಡಬೇಕು. ಕೀಯನ್ನು ಒತ್ತಿ ಹಿಡಿಯುವುದಲ್ಲ, ಪವರ್ ಬಟನ್ ಒತ್ತಿದ ಕ್ಷಣದಿಂದ ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಒತ್ತುತ್ತಿರಬೇಕು.

ಎಷ್ಟು ಒತ್ತಿದರೂ ಪಟ್ಟಿ ಬರುತ್ತಿಲ್ಲವೇ? ಅನುಮಾನ ಮೊದಲು ಕೀಬೋರ್ಡಿನ ಮೇಲಿರಲಿ. ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಆ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ. ವೈರಿನದೇ ಆದರೂ ಫರ್ಮ್‌ವೇರಿನ 'ಫಾಸ್ಟ್ ಬೂಟ್' ಆನ್ ಇದ್ದರೆ ಕೆಲವು ಬೋರ್ಡುಗಳು ಯುಎಸ್‌ಬಿಯನ್ನು ನೋಡದೇ ಮುಂದೆ ಹೋಗುತ್ತವೆ. ಅದನ್ನು ಆಫ್ ಮಾಡಿ, ಕೀಬೋರ್ಡನ್ನು ಸಿಪಿಯು ಹಿಂಭಾಗದ ಪೋರ್ಟಿಗೆ ಹಾಕಿ. ಲ್ಯಾಪ್‌ಟಾಪುಗಳಲ್ಲಿ ಎಫ್ ಕೀಗಳು ಬೆಳಕು, ಸದ್ದು ಬದಲಿಸುವ ಕೆಲಸದಲ್ಲಿದ್ದರೆ ಎಫ್‌ಎನ್ ಕೀ ಜೊತೆಗೆ ಒತ್ತಿ.

ಕೀ ಒತ್ತುವ ಗಡಿಬಿಡಿಯೇ ಬೇಡ ಎಂದರೆ ಎರಡೂ ಕಡೆಯಿಂದ 'ಮುಂದಿನ ಸಲಕ್ಕೆ ಮಾತ್ರ' ಎಂದು ಹೇಳಿ ಹೋಗಬಹುದು. ವಿಂಡೋಸಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಕ್ಲಿಕ್ ಮಾಡಿ, 'ಯೂಸ್ ಎ ಡಿವೈಸ್' ಒಳಗೆ 'ಉಬುಂಟು' ಆರಿಸಿ. ಉಬುಂಟುವಿನ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಸುಡೊ ಇಎಫ್‌ಐಬೂಟ್‌ಎಂಜಿಆರ್' ಕೊಟ್ಟರೆ ಫರ್ಮ್‌ವೇರ್ ಪಟ್ಟಿ ಸಾಲುಸಾಲಾಗಿ ಬರುತ್ತದೆ, ಪ್ರತಿಯೊಂದಕ್ಕೂ ನಾಲ್ಕಂಕಿಯ ಸಂಖ್ಯೆ. ವಿಂಡೋಸಿನ ಮುಂದೆ 0000 ಇದ್ದರೆ 'ಸುಡೊ ಇಎಫ್‌ಐಬೂಟ್‌ಎಂಜಿಆರ್ -ಎನ್ 0000' ಎಂದು ಕೊಟ್ಟು ರಿಸ್ಟಾರ್ಟ್ ಮಾಡಿ. ಆ ಒಂದು ಸಲ ವಿಂಡೋಸ್ ಏಳುತ್ತದೆ, ಆಮೇಲೆ ಪಟ್ಟಿ ಮೊದಲಿದ್ದ ಕ್ರಮಕ್ಕೇ ಬರುತ್ತದೆ. ಇಲ್ಲಿ ಎನ್ ಸಣ್ಣಕ್ಷರವೇ ಆಗಿರಬೇಕು.

ಗ್ರಬ್ ಮೆನುವೇ ಬೇಕು ಎನ್ನುವವರಿಗೆ

ಒಬ್ಬರೇ ಬಳಸುವ ಲ್ಯಾಪ್‌ಟಾಪಾದರೆ ಗ್ರಬ್ ಹಿತ. ಉಬುಂಟು ಹಾಕಿದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಪಟ್ಟಿ ಬರುತ್ತದೆ. ಮೊದಲ ಸಾಲು 'ಉಬುಂಟು', ಎರಡನೆಯದು ಹಳೆಯ ಕರ್ನಲ್‌ಗಳಿರುವ (ಕರ್ನಲ್ ಎಂದರೆ ಲಿನಕ್ಸಿನ ತಿರುಳು) 'ಅಡ್ವಾನ್ಸ್‌ಡ್ ಆಪ್ಷನ್ಸ್', ಆಮೇಲೆ ಮೆಮೊರಿ ಟೆಸ್ಟಿನ ಒಂದೆರಡು ಸಾಲು, ಅದರ ಕೆಳಗೆ 'ವಿಂಡೋಸ್ ಬೂಟ್ ಮ್ಯಾನೇಜರ್', ಕೊನೆಗೆ 'ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್'. ಬಾಣದ ಕೀಯನ್ನು ಒಮ್ಮೆ ಮುಟ್ಟಿದರೆ ಕೆಳಗಿನ ಸೆಕೆಂಡು ಎಣಿಕೆ ನಿಂತು ನಿಮಗಾಗಿ ಕಾಯುತ್ತದೆ. ಈ ಸಣ್ಣ ಸಂಗತಿ ಗೊತ್ತಿಲ್ಲದೆ ಹತ್ತು ಸೆಕೆಂಡಿನೊಳಗೆ ಆರಿಸಲೇಬೇಕೆಂದು ಒದ್ದಾಡುವವರಿದ್ದಾರೆ.

ಇದರ ಸೆಟ್ಟಿಂಗು ಇರುವುದು ಇಟಿಸಿ ಫೋಲ್ಡರಿನೊಳಗಿನ ಡೀಫಾಲ್ಟ್ ಫೋಲ್ಡರಿನಲ್ಲಿ, 'ಗ್ರಬ್' ಎಂಬ ಫೈಲಿನಲ್ಲಿ. 'ಸುಡೊ ನ್ಯಾನೊ' ಜೊತೆಗೆ ಆ ಫೈಲಿನ ಪೂರ್ತಿ ದಾರಿ ಕೊಟ್ಟು ತೆರೆಯಿರಿ. ಅಲ್ಲಿನ ಸಾಲುಗಳಲ್ಲಿ ಸಮ (=) ಚಿಹ್ನೆಯ ಎಡಭಾಗ ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ, ಹಾಗೆಯೇ ಇಡಬೇಕು.

'ಗ್ರಬ್_ಟೈಮ್‌ಔಟ್' ಎಂದರೆ ಕಾಯುವ ಸೆಕೆಂಡು. 5 ಇಡಿ. 0 ಇಟ್ಟರೆ ಮೆನು ಕಾಣುವುದೇ ಇಲ್ಲ, -1 ಇಟ್ಟರೆ ಯಾರಾದರೂ ಎಂಟರ್ ಒತ್ತುವವರೆಗೂ ಹಾಗೇ ಕೂತಿರುತ್ತದೆ. ಕರೆಂಟು ಬಂದೊಡನೆ ತಾನೇ ಏಳಬೇಕಾದ ಯಂತ್ರಕ್ಕೆ -1 ಸಲ್ಲದು. 'ಗ್ರಬ್_ಟೈಮ್‌ಔಟ್_ಸ್ಟೈಲ್' ಮುಂದೆ 'ಹಿಡನ್' ಇದ್ದರೆ 'ಮೆನು' ಎಂದು ಬದಲಿಸಿ.

'ಗ್ರಬ್_ಡೀಫಾಲ್ಟ್' ಮುಂದಿನ ಸಂಖ್ಯೆ ಡೀಫಾಲ್ಟ್ ಸಾಲಿನದು. ಎಣಿಕೆ ಶುರುವಾಗುವುದು 0ಯಿಂದ, ಆದ್ದರಿಂದ ಐದನೆಯ ಸಾಲಿಗೆ 4. ಆದರೆ ಸಂಖ್ಯೆ ಹಾಕಬೇಡಿ ಎನ್ನುತ್ತೇವೆ. ನಾಳೆ ಒಂದು ಅಪ್‌ಡೇಟಿನಲ್ಲಿ ಮೆಮೊರಿ ಟೆಸ್ಟಿನ ಸಾಲು ಸೇರಿದರೆ ಅಥವಾ ಹೋದರೆ ಲೆಕ್ಕ ತಪ್ಪಿ, ವಿಂಡೋಸಿನ ಬದಲು ರ್‍ಯಾಮ್ ಪರೀಕ್ಷೆ ಶುರುವಾಗುತ್ತದೆ. ಬದಲಿಗೆ ಮೆನುವಿನಲ್ಲಿ ಕಾಣುವ ವಿಂಡೋಸ್ ಸಾಲನ್ನು, ಅದರ ಕೊನೆಯಲ್ಲಿ ಬ್ರಾಕೆಟ್ಟಿನಲ್ಲಿರುವ ಡಿಸ್ಕಿನ ಹೆಸರು ಸಮೇತ, ಅಕ್ಷರಶಃ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

ಇನ್ನೊಂದು ಆಯ್ಕೆಯಿದೆ: 'ಗ್ರಬ್_ಡೀಫಾಲ್ಟ್' ಮುಂದೆ 'ಸೇವ್ಡ್' ಎಂದೂ, ಹೊಸ ಸಾಲಿನಲ್ಲಿ 'ಗ್ರಬ್_ಸೇವ್‌ಡೀಫಾಲ್ಟ್' ಮುಂದೆ 'ಟ್ರೂ' ಎಂದೂ ಕೊಟ್ಟರೆ ಹಿಂದಿನ ಸಲ ಆರಿಸಿದ್ದೇ ಮುಂದಿನ ಸಲ ಏಳುತ್ತದೆ. ಒಬ್ಬರಿಗಾದರೆ ಅನುಕೂಲ. ತೋಟದ ಆಫೀಸಿಗೆ ಇದು ಬೇಡವೇ ಬೇಡ, ಮಗಳು ರಾತ್ರಿ ಆರಿಸಿದ್ದು ಬೆಳಿಗ್ಗೆ ರೈಟರ ಪಾಲಿಗೆ ಬರುತ್ತದೆ.

ಫೈಲು ಸೇವ್ ಮಾಡಿದ ಮೇಲೆ 'ಸುಡೊ ಅಪ್‌ಡೇಟ್-ಗ್ರಬ್' ಕೊಡಲೇಬೇಕು. ಬದಲಿಸಿದೆ, ಏನೂ ಆಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಮರೆತಿರುವುದು ಇದನ್ನೇ.

ಮೆನುವಿನಲ್ಲಿ ವಿಂಡೋಸ್ ಸಾಲೇ ಇಲ್ಲದಿದ್ದರೆ ಹೆದರಬೇಡಿ, ವಿಂಡೋಸ್ ಅಳಿಸಿಹೋಗಿಲ್ಲ. ಗ್ರಬ್ 2.06ರಿಂದ ಈಚೆಗೆ ಬೇರೆ ಸಿಸ್ಟಮ್‌ಗಳನ್ನು ಹುಡುಕುವ 'ಓಎಸ್-ಪ್ರೋಬರ್' ಡೀಫಾಲ್ಟಾಗಿ ಆಫ್ ಇರುತ್ತದೆ. ಅದೇ ಫೈಲಿನಲ್ಲಿ 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್' ಮುಂದೆ 'ಫಾಲ್ಸ್' ಎಂಬ ಸಾಲು ಇರುತ್ತದೆ, ಆ ಸಾಲಿನ ಮೊದಲಿಗಿರುವ ಹ್ಯಾಶ್ (#) ಗುರುತು ತೆಗೆಯಿರಿ. ಮತ್ತೆ ಅಪ್‌ಡೇಟ್-ಗ್ರಬ್. ಓಡುವಾಗಲೇ 'ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್' ಎಂಬ ಸಾಲು ಬಂದರೆ ಕೆಲಸ ಆಯಿತು.

ಎರಡು ವಿಂಡೋಸ್ ಇರುವವರಿಗೆ ಇಷ್ಟು ಸಾಕು: ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬಿನಲ್ಲಿ ಡೀಫಾಲ್ಟ್ ಬದಲಿಸಿ, ಕಾಯುವ 30 ಸೆಕೆಂಡನ್ನು 10ಕ್ಕೆ ಇಳಿಸಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ, ಹಳೆಯ ಪ್ರಿಂಟರಿಗೋ ಸ್ಕ್ಯಾನರಿಗೋ ಅದನ್ನು ಉಳಿಸಿಕೊಂಡಿದ್ದರೆ ಇಂಟರ್‌ನೆಟ್ ಕೆಲಸವನ್ನು ಅದರಲ್ಲಿ ಮಾಡಬೇಡಿ.

ಕೆಡುವ ಬಗೆಗಳು

ಐದೂವರೆ ಗಂಟೆ ತಪ್ಪು: ಉಬುಂಟು ಬಳಸಿ ವಿಂಡೋಸಿಗೆ ಬಂದರೆ ಬೆಳಗಿನ 10 ಗಂಟೆಗೆ ಗಡಿಯಾರ 4.30 ತೋರಿಸುತ್ತದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಹೊತ್ತನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಹೊತ್ತು ಎಂದು ಓದುತ್ತದೆ. ವ್ಯತ್ಯಾಸ ಕರಾರುವಾಕ್ಕಾಗಿ 5 ಗಂಟೆ 30 ನಿಮಿಷವೇ ಇದ್ದರೆ ಕಾರಣ ಇದೇ. ಉಬುಂಟುವಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟರೆ ಎರಡೂ ಒಂದೇ ಹೊತ್ತು ಹೇಳುತ್ತವೆ. ಟರ್ಮಿನಲ್ ಇದಕ್ಕೆ ಒಂದು ಎಚ್ಚರಿಕೆ ಕೊಡುತ್ತದೆ. ಬೇಸಿಗೆಯಲ್ಲಿ ಗಡಿಯಾರ ಮುಂದೂಡುವ ದೇಶಗಳಿಗೆ ಅದು ದೊಡ್ಡ ವಿಷಯ, ನಮಗಲ್ಲ.

ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿದ್ದರೆ ಅದು ಬೇರೆ ರೋಗ. ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಮುಗಿದಿದೆ. ಸಂಜೆ ಮೇನ್ ಸ್ವಿಚ್ಚೇ ಆರಿಸಿ ಹೋಗುವ, ದಿನಗಟ್ಟಲೆ ಕರೆಂಟಿಲ್ಲದ ಕಡೆ ಈ 3 ವೋಲ್ಟಿನ ಸೆಲ್ ಮೇಲೇ ಗಡಿಯಾರದ ಭಾರವೆಲ್ಲ ಬೀಳುತ್ತದೆ, ಬೇಗ ಸವೆಯುತ್ತದೆ. ಸಮಯದ ಜೊತೆ ಹಲವು ಬೋರ್ಡುಗಳಲ್ಲಿ ಫರ್ಮ್‌ವೇರಿನ ಸೆಟ್ಟಿಂಗುಗಳೂ ಕಾರ್ಖಾನೆಯಿಂದ ಬಂದಾಗ ಇದ್ದಂತಾಗುತ್ತವೆ: ಬೂಟ್ ಕ್ರಮ, ಎಎಚ್‌ಸಿಐ, ಸೆಕ್ಯೂರ್ ಬೂಟ್. ಮಳೆಗಾಲದಲ್ಲಿ ವಾರ ಮುಚ್ಚಿದ್ದ ಆಫೀಸನ್ನು ತೆರೆದಾಗ ಉಬುಂಟು ಕಾಣೆಯಾಗಿದ್ದರೆ ಲಿನಕ್ಸನ್ನು ಮತ್ತೆ ಹಾಕಲು ಹೋಗುವ ಮುಂಚೆ ಈ ಸೆಲ್ ನೋಡಿ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಕಂಪ್ಯೂಟರ್ ಅಂಗಡಿಯನ್ನೇ ಹುಡುಕಬೇಕೆಂದಿಲ್ಲ, ವಾಚ್ ರಿಪೇರಿಯವರಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಕ್ಲಿಪ್ಪನ್ನು ಉಗುರಿನಿಂದ ಹಿಂದಕ್ಕೆ ಒತ್ತಿದರೆ ಹಳೆಯ ಸೆಲ್ ಮೇಲೆ ಹಾರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ.

ಗ್ರಬ್ ಬರುತ್ತಿದ್ದದ್ದು ಹೋಗಿ ನೇರ ವಿಂಡೋಸ್ ಏಳುತ್ತಿದೆ: ವಿಂಡೋಸ್ ಅಪ್‌ಡೇಟ್ ಗ್ರಬ್ಬನ್ನು ತಿಂದುಹಾಕಿತು ಎನ್ನುತ್ತಾರೆ. ಯುಇಎಫ್‌ಐ ಯಂತ್ರದಲ್ಲಿ ಬಹುಪಾಲು ಆಗಿರುವುದು ಫರ್ಮ್‌ವೇರ್ ಪಟ್ಟಿಯ ಕ್ರಮ ಬದಲಾಗಿರುವುದು, ಅಷ್ಟೇ. ಒಳಗೆ ಹೋಗಿ 'ಉಬುಂಟು'ವನ್ನು ಮೇಲಕ್ಕೆ ತನ್ನಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ, 'ಆ್ಯಡ್ ಬೂಟ್ ಆಪ್ಷನ್' ಇರುವ ಬೋರ್ಡುಗಳಲ್ಲಿ ಇಎಫ್‌ಐ ಫೋಲ್ಡರಿನ ಉಬುಂಟು ಫೋಲ್ಡರಿನಲ್ಲಿರುವ 'ಶಿಮ್‌ಎಕ್ಸ್64' ಫೈಲನ್ನು ತೋರಿಸಿ ಸೇರಿಸಬಹುದು. ಗ್ರಬ್ ಎಂದು ಹೆಸರಿರುವ ಪಕ್ಕದ ಫೈಲನ್ನಲ್ಲ: ಸೆಕ್ಯೂರ್ ಬೂಟ್ ಆನ್ ಇದ್ದಾಗ ಫರ್ಮ್‌ವೇರ್ ನಂಬುವುದು ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ಮನ್ನು, ಶಿಮ್ ಮುಂದೆ ಗ್ರಬ್ಬನ್ನು ಕರೆಯುತ್ತದೆ.

2024ರ ಆಗಸ್ಟಿನಲ್ಲಿ ಮಾತ್ರ ಅಪ್‌ಡೇಟೇ ಕಾರಣವಾಗಿತ್ತು. ಆ ತಿಂಗಳ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆಯುವ ಪಟ್ಟಿ ತಂದಿತು, ಎರಡು ಸಿಸ್ಟಮ್ ಇದ್ದ ಎಷ್ಟೋ ಯಂತ್ರಗಳು 'ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್' ಎಂದು ಹೇಳಿ ಆರಿಹೋದವು. ಹಳೆಯ ಲಿನಕ್ಸ್ ಪೆನ್‌ಡ್ರೈವಿನಲ್ಲಿ ಇದೇ ಸಂದೇಶ ಇವತ್ತೂ ಬರಬಹುದು. ಪೆನ್‌ಡ್ರೈವ್ ಆದರೆ ಹೊಸ ಆವೃತ್ತಿ ಇಳಿಸಿಕೊಳ್ಳಿ. ಹಾಕಿರುವ ಸಿಸ್ಟಮ್ ಆದರೆ, ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು, ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟುವಿಗೆ ಹೋಗಿ ಎಲ್ಲ ಅಪ್‌ಡೇಟ್ ಹಾಕಿ, ಮತ್ತೆ ಆನ್ ಮಾಡಿ.

ಕಪ್ಪು ಪರದೆಯ ಮೇಲೆ ಬರೀ 'ಗ್ರಬ್' ಎಂದು ಬರೆದು ಕರ್ಸರ್ ಮಿನುಗುತ್ತಿದೆ: ಮೆನು ತರಿಸಲೆಂದು ಎಸ್ಕೇಪನ್ನು ಹಲವು ಸಲ ಒತ್ತಿದ್ದರೆ ಇದು ಬರುತ್ತದೆ. 'ನಾರ್ಮಲ್' ಎಂದು ಟೈಪ್ ಮಾಡಿ ಎಂಟರ್ ಕೊಡಿ, ಮೆನು ವಾಪಸು. ಎಸ್ಕೇಪ್ ಒಂದೇ ಸಲ ಸಾಕು. ಅದಲ್ಲದೆ, ಯಾರೋ ವಿಂಡೋಸಿನಿಂದ ಗುರುತಿಲ್ಲದ ಪಾರ್ಟಿಷನ್ ಎಂದು ಲಿನಕ್ಸಿನ ಜಾಗವನ್ನು ಅಳಿಸಿದ್ದರೂ ಇದೇ ಪರದೆ. ಆಗ 'ಎಕ್ಸಿಟ್' ಕೊಟ್ಟರೆ ಫರ್ಮ್‌ವೇರ್ ಪಟ್ಟಿಯ ಮುಂದಿನದಕ್ಕೆ, ಅಂದರೆ ವಿಂಡೋಸಿಗೆ, ಹೋಗುತ್ತದೆ.

ಲಿನಕ್ಸನ್ನು ಬೇಕೆಂದೇ ತೆಗೆಯುವುದಾದರೂ ಕ್ರಮ ಇದೇ: ಮೊದಲು ಫರ್ಮ್‌ವೇರಿನಲ್ಲಿ ವಿಂಡೋಸನ್ನು ಮೇಲಕ್ಕೆ ತಂದು, ಯಂತ್ರವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ನೇರ ವಿಂಡೋಸ್ ಏಳುವುದನ್ನು ಕಣ್ಣಾರೆ ನೋಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 80 ಜಿಬಿಯ ಪಾರ್ಟಿಷನ್ ಅಳಿಸಿ ಸಿ ಡ್ರೈವಿಗೆ 'ಎಕ್ಸ್‌ಟೆಂಡ್' ಮಾಡಿ. ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಎಕ್ಸ್‌ಟೆಂಡ್ ಮಸುಕಾಗಿ ಕಾಣುತ್ತದೆ, ಆ ಜಾಗವನ್ನು ಬೇರೆ ಡ್ರೈವ್ ಮಾಡಿಕೊಳ್ಳಿ, ರಿಕವರಿಯನ್ನು ಮುಟ್ಟಬೇಡಿ. ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಳಿಯುವ ಉಬುಂಟು ಫೋಲ್ಡರ್ ಕೆಲವೇ ಎಂಬಿ, ಅದು ಅಲ್ಲೇ ಇದ್ದರೂ ತೊಂದರೆಯಿಲ್ಲ.